ಯೂರೋ ಇಳಿಯಲಿ ಎಂದು ಕಾದದ್ದು

ಕಳೆದ ಬೇಸಿಗೆಯಲ್ಲಿ ನನ್ನ ಗಂಡನ ಜತೆ ಜಗಳ ಆಡುವುದು ಮಹಾ ಕಷ್ಟವಾಗಿತ್ತು. ನಾನು ಹತ್ತು ಮಾತು ಆಡಿ ಮುಗಿಸಿ, ಅವರು ಒಂದು ಸಾಲು ಬರೆದು ಮುಗಿಸುವವರೆಗೆ ಸೊಂಟಕ್ಕೆ ಕೈ ಕೊಟ್ಟು ನಿಂತಿರಬೇಕಿತ್ತು. ಅಕ್ಷರವೋ, ಕಾಪಿ ಬರೆದ ಹಾಗೆ ದುಂಡಗೆ. ಒತ್ತು ಸರಿಯಾಗದಿದ್ದರೆ ಹೊಡೆದುಹಾಕಿ ಮತ್ತೆ ಬರೆಯುತ್ತಿದ್ದರು. ಅಷ್ಟರಲ್ಲಿ ನನ್ನ ಸಿಟ್ಟು ಇಳಿದಿರುತ್ತಿತ್ತು. ಇಳಿಯಿತಲ್ಲ ಎಂದು ಇನ್ನೊಮ್ಮೆ ಸಿಟ್ಟು ಬರುತ್ತಿತ್ತು.

ನಾಲ್ಕು ವರ್ಷಗಳ ಹಿಂದೆ ಗಂಟಲಿನ ಆಪರೇಷನ್ ಆಗಿ ಅವರ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಆ ಮೇಲೆ ಅವರು ಮಾತಾಡುತ್ತಿದ್ದದ್ದು ಟಾರ್ಚಿನಷ್ಟು ಉದ್ದದ ಒಂದು ಯಂತ್ರದಿಂದ. ಅದನ್ನು ಕುತ್ತಿಗೆಗೆ ಒತ್ತಿ ಗುಂಡಿ ಅದುಮಿದರೆ ಗುಂಯ್ ಎನ್ನುತ್ತದೆ. ಬಾಯಿ ಆಡಿಸಿದರೆ ಆ ಸದ್ದೇ ಮಾತಾಗುತ್ತದೆ. ಪ್ರೀತಿಗೂ ಬೈಗುಳಕ್ಕೂ ಒಂದೇ ಸ್ವರ. ನನಗೆ ಅದು ಅರ್ಥವಾಗಲು ಎರಡು ತಿಂಗಳು ಹಿಡಿಯಿತು. ಅತ್ತೆಗೆ ಒಂದೇ ವಾರ ಸಾಕಾಯಿತು. ಅವರಿಗೆ ಕಣ್ಣು ಹೋಗಿ ಎಷ್ಟೋ ವರ್ಷಗಳಾಗಿವೆ, ಈಗೀಗ ಕೆಲವು ನೆನಪಿನಲ್ಲಿ ನಿಲ್ಲುತ್ತವೆ, ಕೆಲವು ಇಲ್ಲ. ಮಗ ಎಂದರೆ ಅವರಿಗೆ ಆ ಗುಂಯ್ ಸ್ವರ ಮಾತ್ರ. ಬೆಳಿಗ್ಗೆ ಕಾಫಿಯಾದ ಮೇಲೆ ಇವರು ಹೋಗಿ ಅಮ್ಮನ ಮಂಚದ ಮೇಲೆ ಕೂತು ನಮ್ಮೂರು ಆಲೆಟ್ಟಿಯ ಸುದ್ದಿಯನ್ನೆಲ್ಲ ಒಪ್ಪಿಸಬೇಕು. ಅದಾದ ಮೇಲೆಯೇ ಅವರಿಗೆ ದಿನ ಶುರು.

ಕಳೆದ ಬೇಸಿಗೆಯಲ್ಲಿ ಆ ಯಂತ್ರ ಬಚ್ಚಲಿನ ಹಂಡೆಗೆ ಬಿತ್ತು. ಬಿಸಿಲಿಗೆ ಇಟ್ಟೆವು, ಅಕ್ಕಿ ಡಬ್ಬದಲ್ಲಿ ಹೂತೆವು, ಏನೂ ಆಗಲಿಲ್ಲ. ಆ ಮಾದರಿ ತರಿಸುವುದನ್ನು ನಿಲ್ಲಿಸಿದ್ದೇವೆ ಎಂದು ಮಂಗಳೂರಿನ ಅಂಗಡಿಯವರು ಕೈ ತೊಳೆದುಕೊಂಡರು. ತಯಾರಿಸುವ ಕಂಪನಿ ಯೂರೋಪಿನದ್ದು. ಅವರ ವೆಬ್‌ಸೈಟಿನಲ್ಲಿ ಯಂತ್ರ ಇತ್ತು, ಇಲ್ಲಿಗೂ ಕಳಿಸುತ್ತಾರೆ. ಕಾರ್ಡಿನಲ್ಲಿ ದುಡ್ಡು ಕಟ್ಟಿದರೆ ಮುಗಿಯಿತು, ಐದು ನಿಮಿಷದ ಕೆಲಸ.

ಅದಕ್ಕೆ ನಮಗೆ ಒಂದು ತಿಂಗಳು ಬೇಕಾಯಿತು.

ಕಾರಣ, ಅದಕ್ಕೂ ಹಿಂದಿನ ವರ್ಷ ನಾನು ಮಾಡಿದ ಒಂದು ತಪ್ಪು. ಅದೇ ಕಂಪನಿಯಿಂದ ಬ್ಯಾಟರಿ ತರಿಸುವಾಗ ಪರದೆ ನನ್ನನ್ನು ಕೇಳಿತು: ಯೂರೋದಲ್ಲಿ ಕೊಡುತ್ತೀರೋ, ರೂಪಾಯಿಯಲ್ಲೋ? ನಮ್ಮ ಕಡೆ ಅಡಿಕೆ ಮಾರಲು ಹೋದರೆ ತೂಕ, ತೇವ, ಕೂಲಿ ಎಂದು ವ್ಯಾಪಾರಿ ಎಷ್ಟೇ ಲೆಕ್ಕ ಹೇಳಲಿ, ನಾವು ಕೇಳುವುದು ಒಂದೇ ಪ್ರಶ್ನೆ: ‘ಎಲ್ಲ ಕಳೆದು ಕೈಗೆ ಎಷ್ಟು?’ ಅದೇ ಅಭ್ಯಾಸದಲ್ಲಿ ನಾನು ರೂಪಾಯಿ ಒತ್ತಿದೆ. ಕೊನೆಯ ಮೊತ್ತ ಕಣ್ಣೆದುರು ಇದ್ದರೆ ಮೋಸ ಇಲ್ಲವಲ್ಲ ಎಂದುಕೊಂಡೆ. ಮೋಸ ಇದ್ದದ್ದು ಅಲ್ಲಿಯೇ. ಯೂರೋವನ್ನು ರೂಪಾಯಿ ಮಾಡುವಾಗ ಆ ಕಡೆಯವರು ತಮಗೆ ಬೇಕಾದ ದರ ಹಾಕಿಕೊಂಡಿದ್ದರು. ಅದು ಸಾಲದು ಎಂದು, ಮಾರಿದವರು ವಿದೇಶದವರು ಎಂಬ ಕಾರಣಕ್ಕೆ ನಮ್ಮ ಬ್ಯಾಂಕೂ ಶುಲ್ಕ ಕಿತ್ತುಕೊಂಡಿತು. ಆ ಶುಲ್ಕದ ಮೇಲೆ ತೆರಿಗೆ ಬೇರೆ. ಕಡಬದ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಕಲಿಸಿದವಳು ನಾನು. ಅಂಥವಳೇ ಲೆಕ್ಕದಲ್ಲಿ ಮೋಸ ಹೋದಳೆಂದು ಇವರು ಮನೆಗೆ ಬಂದವರಿಗೆಲ್ಲ ಗುಂಯ್‌ಗುಟ್ಟಿಕೊಂಡು ಹೇಳಿದರು.

ಹಾಗಾಗಿ ಈ ಸಲ ಇವರು ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದರು: ‘ಒಂದು ಪೈಸೆ ಫೀಸ್ ಕೊಡುದಿಲ್ಲ.’

ಸುಳ್ಯದ ನಮ್ಮ ಬ್ಯಾಂಕಿಗೆ ಹೋದೆವು. ಯಾವ ಕಾರ್ಡಾದರೂ ನೂರಕ್ಕೆ ಮೂರೂವರೆ ಬೀಳುತ್ತದೆ ಎಂದರು. ಪುತ್ತೂರಿನ ಇನ್ನೊಂದು ಬ್ಯಾಂಕಿನಲ್ಲಿ ಆ ಶುಲ್ಕ ಇಲ್ಲದ ಕಾರ್ಡ್ ಉಂಟೆಂದು ಯಾರೋ ಹೇಳಿದರು. ಹೋದೆವು. ಮೊದಲು ಖಾತೆ ತೆರೆಯಬೇಕು ಎಂದರು. ಫೋಟೋ ಹಳೆಯದು ಎಂದು ವಾಪಸ್ ಕಳಿಸಿದರು. ಮತ್ತೆ ಹೋದೆವು. ಎರಡು ಸಲವೂ ಬಸ್ಸು, ಎರಡು ಸಲವೂ ಹೋಟೆಲ್ ಊಟ. ಕೊನೆಗೆ, ಇನ್ನು ವೀಡಿಯೋ ಕಾಲಿನಲ್ಲಿ ಗುರುತು ಖಚಿತ ಮಾಡುವುದೊಂದೇ ಬಾಕಿ, ಮನೆಯಲ್ಲೇ ಕೂತು ಮಾಡಬಹುದು ಎಂದರು.

ನಮ್ಮ ಮನೆಯಲ್ಲಿ ಸಿಗ್ನಲ್ ಇರುವುದು ತಾರಸಿಯಲ್ಲಿ ಮಾತ್ರ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಇವರು ಬಿಸಿಲಿನಲ್ಲಿ ಕುರ್ಚಿ ಹಾಕಿ ಕೂತರು. ಪರದೆಯಲ್ಲಿ ಒಂದು ಹುಡುಗಿ ಬಂದಳು.

“ಸರ್, ನಿಮಗೆ ಕಾಣುವ ನಾಲ್ಕು ಅಂಕೆಗಳನ್ನು ಗಟ್ಟಿಯಾಗಿ ಓದಿ.”

ಇವರು ನಾಲ್ಕು ಅಂಕೆಗಳನ್ನು ಬರೆದು ಕ್ಯಾಮೆರಾಕ್ಕೆ ಹಿಡಿದರು.

“ಬರೆದರೆ ಆಗುವುದಿಲ್ಲ ಸರ್, ಬಾಯಿಯಲ್ಲೇ ಹೇಳಬೇಕು.”

“ಅವರಿಗೆ ಸ್ವರ ಇಲ್ಲಮ್ಮ,” ಅಂದೆ ನಾನು. “ಸ್ವರ ತೆಕ್ಕೊಳ್ಳಿಕ್ಕೇ ಈ ಕಾರ್ಡ್ ಮಾಡಿಸುದು.”

“ಮೇಡಂ, ಪಕ್ಕದಲ್ಲಿ ಇನ್ನೊಬ್ಬರು ಮಾತಾಡಿದರೆ ಕಾಲ್ ರದ್ದು ಮಾಡಬೇಕಾಗುತ್ತದೆ,” ಎಂದಳು. ರದ್ದು ಮಾಡಿಯೂ ಬಿಟ್ಟಳು.

ಫೋನನ್ನು ತೆಂಗಿನ ಬುಡಕ್ಕೆ ಎಸೆಯಬೇಕು ಅನ್ನಿಸಿತು. ಇವರು ಶಾಂತವಾಗಿ ಪುಟ ತಿರುವಿ ಬರೆದರು: ‘ಹೇಗೂ ಯೂರೋ ಮೇಲೆ ಉಂಟು. ಸ್ವಲ್ಪ ಇಳೀಲಿ, ಕಾಯುವ.’

ಇದು ಇವರ ಹುಟ್ಟುಗುಣ. ಅಡಿಕೆಗೆ ರೇಟು ಬರಲಿ ಎಂದು ಎರಡೆರಡು ವರ್ಷ ಚೀಲ ಕಟ್ಟಿ ಇಟ್ಟುಕೊಂಡವರು. ಹಳೆಯದಾದಷ್ಟೂ ಅಡಿಕೆಗೆ ಬೆಲೆ ಹೆಚ್ಚು, ಹಾಗಾಗಿ ಕಾದು ಇವರು ಸೋತದ್ದು ಕಡಿಮೆ. ಆದರೆ ಇದು ಅಡಿಕೆಯೇ? ಬೆಳಿಗ್ಗೆ ಸಂಜೆ ತಾರಸಿ ಹತ್ತಿ ಯೂರೋ ದರ ನೋಡುವುದು, ಇಳಿದು ಬಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕುವುದು. ಆ ದರಿದ್ರ ಯೂರೋ ಇಳಿಯಲಿಲ್ಲ, ದಿನ ಹೋದ ಹಾಗೆ ಏರಿತು.

ನಾನೇನೂ ಸಾಚಾ ಅಲ್ಲ. ನನ್ನ ಪೆನ್ಷನ್ ಬರುವ ಕಾರ್ಡಿನಿಂದ ನಾನು ಯಾವತ್ತು ಬೇಕಾದರೂ ಕಟ್ಟಬಹುದಿತ್ತು. ಕಟ್ಟಲಿಲ್ಲ. ಕಟ್ಟಿದರೆ ಟೀಚರಮ್ಮ ಮತ್ತೆ ಫೀಸ್ ಕೊಟ್ಟಳು ಎಂದು ಇವರು ಬರೆದು ತೋರಿಸುವುದು ಬೇಡ, ಅನುಭವಿಸಲಿ ಎಂದು ಸುಮ್ಮನಿದ್ದೆ.

ಅನುಭವಿಸಿದವರು ಅತ್ತೆ. ಇವರು ಎಂದಿನಂತೆ ಬೆಳಿಗ್ಗೆ ಹೋಗಿ ಅಮ್ಮನ ಕೈ ಹಿಡಿದು ಕೂರುತ್ತಿದ್ದರು. “ಅವನಿಗೆ ನನ್ನ ಮೇಲೆ ಎಂತ ಕೋಪ?” ಎಂದು ಅತ್ತೆ ನನ್ನನ್ನು ಕೇಳುವರು. “ಕೋಪ ಅಲ್ಲ ಅತ್ತೆ, ಮಿಷನ್ ಹಾಳಾಗಿದೆ,” ಎನ್ನುವೆ. ಒಪ್ಪಿಕೊಂಡು ಸುಮ್ಮನಾಗುವರು. ಮರುದಿನ ಅದೇ ಪ್ರಶ್ನೆ. ಮೂರನೇ ವಾರದ ಹೊತ್ತಿಗೆ ಆ ಪ್ರಶ್ನೆ ನಿಂತಿತು. ಅಭ್ಯಾಸವಾಯಿತು ಎಂದು ನಾವು ತಿಳಿದುಕೊಂಡೆವು.

ಒಂದು ಬೆಳಿಗ್ಗೆ ನಾನು ಗಂಜಿ ತೆಗೆದುಕೊಂಡು ಹೋದಾಗ ಇವರು ಆಗಷ್ಟೇ ಮಂಚದಲ್ಲಿ ಕೂತು ಅಮ್ಮನ ಕೈ ಮುಟ್ಟಿದ್ದರು. ಅತ್ತೆ ಬೆಚ್ಚಿ ಕೈ ಎಳೆದುಕೊಂಡರು.

“ಯಾರು ನೀವು? ಮಾತಾಡಿ ಮಾರಾಯ್ರೆ.”

ಹೆತ್ತ ಮಗನಿಗೆ ಬಹುವಚನ. ಇವರು ಗಡಿಬಿಡಿಯಲ್ಲಿ ನೋಟ್‌ಬುಕ್ ತೆರೆದು, ಒತ್ತು ಗಿತ್ತು ನೋಡದೆ ಗೀಚಿ, ಕಣ್ಣಿಲ್ಲದ ಅಮ್ಮನ ಮುಖದ ಎದುರು ಹಿಡಿದರು. ‘ನಾನು, ಅಮ್ಮ’ ಎಂದು ಇತ್ತು. ಹಿಡಿದ ಕೈ ಹಾಗೆಯೇ ಇತ್ತು. ಆಮೇಲೆ ನಿಧಾನಕ್ಕೆ ಪುಸ್ತಕ ಕೆಳಗಿಟ್ಟು ನನ್ನ ಕಡೆ ನೋಡಿದರು.

ಗಂಜಿ ಅಲ್ಲಿಯೇ ಇಟ್ಟು ತಾರಸಿಗೆ ಹೋದೆ. ಈ ಸಲ ಯೂರೋವನ್ನೇ ಒತ್ತಿದೆ, ನನ್ನ ಕಾರ್ಡಿನಿಂದಲೇ ಕಟ್ಟಿದೆ. ಬ್ಯಾಂಕು ತನ್ನ ಮೂರೂವರೆಯನ್ನು ಮುರಿದುಕೊಂಡಿತು. ನೋಡಿದರೆ, ಎರಡು ಸಲ ಪುತ್ತೂರಿಗೆ ಹೋಗಿಬಂದ ಖರ್ಚು ಅದಕ್ಕಿಂತ ಹೆಚ್ಚಾಗಿತ್ತು. ಹಣೆ ಹಣೆ ಚಚ್ಚಿಕೊಂಡೆ.

ಹನ್ನೊಂದನೇ ದಿನ ಪಾರ್ಸೆಲ್ ಸುಳ್ಯಕ್ಕೆ ಬಂತು. ಇವರು ಹೋಗಿ ತಂದು, ಚಪ್ಪಲಿ ಕಳಚಿದವರೇ ಸೀದಾ ಅಮ್ಮನ ಕೋಣೆಗೆ ಹೋಗಿ ಯಂತ್ರವನ್ನು ಕುತ್ತಿಗೆಗೆ ಒತ್ತಿದರು.

“ಅಮ್ಮ.”

ಅತ್ತೆ ಎದ್ದು ಕೂರಲು ಒದ್ದಾಡಿದರು. “ಬಂದಿಯಾ ಮಗಾ? ಇಷ್ಟು ದಿನ ಎಲ್ಲಿಗೆ ಹೋಗಿದ್ದಿ?”

“ಎಲ್ಲಿಗೂ ಹೋಗ್ಲಿಲ್ಲ. ದಿನಾ ಇಲ್ಲೇ ಕೂತಿದ್ದೆ.”

“ಇಲ್ಲ ಮಗಾ, ನೀ ಅಲ್ಲ. ಬೇರೆ ಯಾರೋ ಒಬ್ರು ಬಂದು ಕೂರ್ತಿದ್ರು. ಪಾಪ, ಮಾತು ಬರುದಿಲ್ಲ ಕಾಣ್ತದೆ. ಒಂದು ದಿನ ನಾನು ಹೆದರಿ ಕೈ ಎಳ್ಕೊಂಡೆ. ಅವರಿಗೆ ಬೇಜಾರಾಯ್ತೋ ಎಂತದೋ. ಇನ್ನು ಸಿಕ್ಕಿದ್ರೆ ನೀ ಒಂದು ಮಾತು ಹೇಳು.”

ಇವರು ಯಂತ್ರವನ್ನು ಮತ್ತೆ ಕುತ್ತಿಗೆಗೆ ಒತ್ತಿ, “ಹೇಳ್ತೇನೆ,” ಎಂದರು.