ನಾಲ್ಕನೆಯದರ ಅನುಮಾನ

ಕೋಡ್ ಬರೆದೇ ಕೂದಲು ನೆರೆಸಿಕೊಂಡ ಟೀಮ್ ಲೀಡರಮ್ಮನ ಕೈಕೆಳಗೆ ಈಗ ಮನುಷ್ಯರಿಲ್ಲ, ಮೂರು ಎಐ ಏಜೆಂಟುಗಳಿವೆ. ಒಂದು ಕೋಡ್ ಬರೆಯುತ್ತದೆ, ಒಂದು ಹುಳುಕು ಹುಡುಕುತ್ತದೆ, ಇನ್ನೊಂದು ತಿದ್ದುತ್ತದೆ. ಹೆಜ್ಜೆಹೆಜ್ಜೆಗೂ ಈಕೆಯ ಒಪ್ಪಿಗೆ ಕೇಳಿ ನಿಂತುಬಿಡುತ್ತವೆ. ಮುಖ ತೊಳೆಯಲು ಏಳುವುದಕ್ಕೂ ಬಿಡುವಿಲ್ಲ.

ಈ ಪೀಡೆ ತೊಲಗಲೆಂದು, ತನ್ನ ಪರವಾಗಿ ಒಪ್ಪಿಗೆ ಕೊಡಲು ನಾಲ್ಕನೆಯದೊಂದನ್ನು ಕೂರಿಸಿದಳು. ಮನಸ್ಸು ತಡೆಯದೆ ಕೊನೆಗೆ, "ಅನುಮಾನ ಬಂದರೆ ನನ್ನನ್ನು ಕೇಳು" ಎಂದೂ ಅದರ ಸೂಚನೆಯಲ್ಲಿ ಬರೆದಳು.

ಗಂಡನಿಗೆ ಫೋನ್ ಮಾಡಿ, "ರೀ, ಇವತ್ತು ಊಟಕ್ಕೆ ಮನೆಗೇ ಬರ್ತೀನಿ" ಎನ್ನುವಷ್ಟರಲ್ಲಿ ಕಂಪ್ಯೂಟರ್ ಟಣ್ಣೆಂದಿತು. ನಾಲ್ಕನೆಯದಕ್ಕೆ ಅನುಮಾನ. ಒಪ್ಪಿಗೆಯ ಗುಂಡಿ ಒತ್ತಿದಳು. ಮತ್ತೆ ಟಣ್. ದರಿದ್ರದ್ದಕ್ಕೆ ಎಲ್ಲದರ ಮೇಲೂ ಅನುಮಾನ!

"ಏನೇ, ಬರ್ತೀಯೋ ಇಲ್ವೋ? ನಾನು ಊಟ ಮಾಡ್ಬಿಡ್ಲಾ?" ಎಂದ ಗಂಡ.

ಪರದೆಯಿಂದ ಕಣ್ಣು ಕೀಳದೆ ಆಕೆ ಹೇಳಿದಳು: "ಒಪ್ಪಿಗೆ ಇದೆ, ಮುಂದುವರಿಸಿ."