ಒಂದೇ ಬೆರಳು, ಎಲ್ಲರ ಹಣೆ

ಕಳೆದ ವಾರ ನಮ್ಮ ದೊಡ್ಡಮ್ಮನನ್ನು ತಿಪಟೂರಿನ ಆಸ್ಪತ್ರೆಯೊಂದರ ವಾರ್ಡಿನಿಂದ ಹೊರಗೆ ಹಾಕಿದರು. ಮಾಡಿದ ತಪ್ಪೇನು? ಆಶೀರ್ವಾದ.

ಹೊನ್ನವಳ್ಳಿಯ ನಮ್ಮ ಚಿಕ್ಕಪ್ಪ ಕಾಯಿ ಸುಲಿಯುವಾಗ ಕಾಲಿಗೆ ಗಾಯ ಮಾಡಿಕೊಂಡಿದ್ದರು. ಮೊದಲೇ ಶುಗರ್. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಒಂದಷ್ಟು ಆಂಟಿಬಯೋಟಿಕ್ ನುಂಗಿದರು, ನೋವು ಇಳಿದ ಕೂಡಲೇ ಬಿಟ್ಟರು. (ನೀವೂ ಹಾಗೇ ತಾನೇ?) ಕೊನೆಗೆ ಕಾಲು ಊದಿ ಅಡ್ಮಿಟ್ ಆದರು. ಕೀವನ್ನು ಲ್ಯಾಬಿಗೆ ಕಳಿಸಿದರೆ, ಮಾಮೂಲಿ ಔಷಧಗಳಿಗೆ ಜಗ್ಗದ ಬ್ಯಾಕ್ಟೀರಿಯಾ ಎಂದು ರಿಪೋರ್ಟ್ ಬಂತು. ಅದೇ ವಾರ್ಡಿನ ಇನ್ನಿಬ್ಬರಿಗೂ ಅದೇ ಅಂಟಿತ್ತು.

ಮೂವರನ್ನೂ ವಾರ್ಡಿನ ಒಂದು ತುದಿಗೆ ಸರಿಸಿ ಪರದೆ ಎಳೆದರು. ರೋಗಿಯ ಜೊತೆ ಒಬ್ಬರೇ ಇರಬೇಕು, ಬರುವಾಗ ಹೋಗುವಾಗ ಸೋಪು ಹಾಕಿ ಕೈ ತೊಳೆಯಬೇಕು ಎಂದು ಬೋರ್ಡು ಬಿತ್ತು. ಹೊಸ ಔಷಧ ಹುಡುಕುವುದು ಕಷ್ಟ, ಸೋಪು ಸುಲಭ. ಸುಲಭವಾದದ್ದನ್ನು ಯಾರು ಮಾಡುತ್ತಾರೆ?

ನಮ್ಮ ಕಡೆ "ಅಷ್ಟು ಕಾಯ್ಲೆ ಬಿದ್ರೂ ಬಂದು ನೋಡ್ಲಿಲ್ಲ" ಎಂಬ ಮಾತು ತಲೆಮಾರು ದಾಟುತ್ತದೆ. ಹಾಗಾಗಿ ಹೊನ್ನವಳ್ಳಿ ಬಸ್ಸು ಬಂದಾಗಲೆಲ್ಲ ಎಳನೀರು ಹಿಡಿದ ನೆಂಟರು ಇಳಿದರು. ಬಂದವರು ಮಂಚದ ಮೇಲೆಯೇ ಕೂರಬೇಕು, ಗಾಯ ಮುಟ್ಟಿ ನೋಡಬೇಕು, ಆಮೇಲೆ ಪಕ್ಕದ ಹಾಸಿಗೆಯವರನ್ನೂ "ಯಾವೂರಪ್ಪ ನಿಮ್ದು?" ಎಂದು ವಿಚಾರಿಸಬೇಕು. ಒಬ್ಬರನ್ನೇ ಮಾತಾಡಿಸಿ ಹೋಗಲು ನಾವೇನು ಬೆಂಗಳೂರಿನವರೇ?

ದೊಡ್ಡಮ್ಮ ಮಠದ ವಿಭೂತಿ ತಂದಿದ್ದರು. ಮೈದುನನ ಬ್ಯಾಂಡೇಜಿನ ಮೇಲೆ ಕೈಯಾಡಿಸಿ ಹಣೆಗೆ ಹಚ್ಚಿದರು. ಪಕ್ಕದ ಇಬ್ಬರಿಗೂ ಹಚ್ಚಿದರು. ಭೇದ ಮಾಡುವ ಪೈಕಿಯಲ್ಲ ಅವರು. ಪರದೆ ಸರಿಸಿ, ಈಚೆ ಮಲಗಿದ್ದ ಅಮ್ಮಸಂದ್ರದ ಯುವಕನ ಕಡೆ ಹೊರಟರು. ಬೈಕಿನಿಂದ ಬಿದ್ದ ಅವನ ತೊಡೆಗೆ ಹಿಂದಿನ ದಿನವಷ್ಟೇ ರಾಡ್ ಹಾಕಿದ್ದರು.

ನರ್ಸ್ ಓಡಿ ಬಂದು ಅಡ್ಡ ನಿಂತರು. "ಅಜ್ಜಿ, ಅಲ್ಲಿ ಮುಟ್ಟಿದ ಕೈಲಿ ಇವ್ರನ್ನ ಮುಟ್ಟಬ್ಯಾಡಿ. ಆ ಸೋಂಕು ರಾಡಿಗೆ ಹತ್ತಿದ್ರೆ ಕಾಲೇ ಉಳಿಯಾಕಿಲ್ಲ."

"ವಿಭೂತಿ ಕಣವ್ವ, ವಿಷ ಅಲ್ಲ!"

"ವಿಭೂತಿ ಸರಿಯಾಗೇ ಐತೆ ಅಜ್ಜಿ. ಬೆರಳಿಂದೇ ತಾಪತ್ರಯ. ಹೊರಗೆ ನಡೀರಿ."

ಹೊರಗಿನ ಬೆಂಚಿನ ಮೇಲೆ ಕೂತು ದೊಡ್ಡಮ್ಮ ಕಣ್ಣೊರೆಸಿಕೊಂಡರು. "ನನ್ನೇ ಮೈಲಿಗೆ ಅಂದಂಗಾಯ್ತಲ್ಲಪ್ಪ!" ನನಗೂ ಬೇಜಾರಾಯಿತು. ಆದರೆ ನರ್ಸ್ ಹೇಳಿದ್ದು ಸರಿಯಿತ್ತು.

"ಮನೇಲಿ ಬಾಣಂತಿ ಇದ್ದಾಗ, ಹೊರಗಿಂದ ಬಂದೋರನ್ನ ಕೈಕಾಲು ತೊಳೀದೆ ಒಳಗೆ ಬಿಡ್ತಿದ್ಯಾ ದೊಡ್ಡಮ್ಮ?" ಎಂದೆ.

"ಬುಡ್ತಿದ್ನಾ? ನಿಮ್ಮ ದೊಡ್ಡಪ್ಪನ್ನೇ ಬುಟ್ಟಿಲ್ಲ!"

ಹಾಗೆಂದವರು ತಮ್ಮ ಬೆರಳು ನೋಡಿಕೊಂಡರು. ಎದ್ದು ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದರು. ಆಮೇಲೆ ಬೆಂಚನ್ನು ವಾರ್ಡಿನ ಬಾಗಿಲಿಗೇ ಎಳೆಸಿಕೊಂಡು ಕೂತರು. ಮುಂದಿನ ಬಸ್ಸಿನಲ್ಲಿ ಬಂದ ನೆಂಟರ ಗತಿ ಕೇಳಬೇಡಿ. "ಎಳನೀರು ಇಲ್ಲಿಟ್ಟು ಊರಿಗೆ ನಡೀರ್ಲಾ. ನೋಡೋಕೆ ಬಂದಿದ್ರು ಅಂತ ನಾನೇ ಹೇಳ್ತೀನಿ."

ಸಂಜೆ ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದರು, ಹಿಂದೆ ನಾಲ್ಕಾರು ಜನ. ಚಿಕ್ಕಪ್ಪನ ಕಾಲು ಒತ್ತಿ ನೋಡಿದರು. ಮೊಬೈಲಿನಲ್ಲಿ ಮಾತಾಡುತ್ತಲೇ ಪರದೆ ದಾಟಿ, ಅಮ್ಮಸಂದ್ರದವನ ತೊಡೆಯತ್ತ ಕೈ ಚಾಚಿದರು. ಗ್ಲೌಸಿಲ್ಲ, ಸೋಪಿಲ್ಲ. ಹಿಂದಿದ್ದವರು ನೆಲ ನೋಡಿದರು. ನರ್ಸ್ ಬಾಯಿ ತೆರೆದು ಹಾಗೇ ಮುಚ್ಚಿದರು. ಚಿಕ್ಕಪ್ಪನ ಜೊತೆಗಿದ್ದ ನಾನೂ ಸುಮ್ಮನಿದ್ದೆ. (ಅಷ್ಟು ದೊಡ್ಡವರಿಗೆ ಹೇಳುವುದು ಹೇಗೆ?)

"ಡಾಕ್ಟ್ರೇ, ಕೈ!" ಬಾಗಿಲಿನಿಂದ ಕೂಗು. "ಆ ಮಗಾನ ಹಂಗೇ ಮುಟ್ಟಬ್ಯಾಡಿ. ನಲ್ಲಿ ಇಲ್ಲೈತೆ, ಬನ್ನಿ."

ಡಾಕ್ಟರ ಮುಖ ಗಂಟಿಕ್ಕಿತು. ಆದರೂ ಹೋಗಿ ಕೈ ತೊಳೆದುಕೊಂಡು ಬಂದರು ಅನ್ನಿ.

ರೌಂಡ್ಸ್ ಮುಗಿದ ಮೇಲೆ, ಹೊರಗೆ ಹಾಕಿದ್ದ ಅದೇ ನರ್ಸ್ ದೊಡ್ಡಮ್ಮನ ಬಳಿ ಬಂದು ಮೆಲ್ಲಗೆ ಕೇಳಿದರು: "ಅಜ್ಜಿ, ನಾಳೆ ರೌಂಡ್ಸ್ ಹೊತ್ತಿಗೂ ಬತ್ತೀರಾ?"