ಎರಡಿಂಚಿನ ಹಠ

2009ನೆಯ ಇಸವಿ ಜನವರಿ 12, ಸೋಮವಾರ. ಚಳಿಗಾಲ, ಬೆಳಗಿನ ಏಳೂವರೆಯಾದರೂ ಮಂಜು ಕರಗಿರಲಿಲ್ಲ. ಐವತ್ತೆಂಟು ವರ್ಷದ ಕಟಿಂಗ್ ಮಾಸ್ಟರು, ಹೆಂಡತಿ ಹೊಲಿದುಕೊಟ್ಟ ಹೊಸ ಅಂಗಿ ತೊಟ್ಟು ಕನ್ನಡಿಯೆದುರು ನಿಂತವರೇ ಕೆಂಡವಾದರು. ಅಂಗಿಯ ಹಿಂಬದಿ ಮೇಲಕ್ಕೇರಿತ್ತು, ಮುಂಬದಿ ಜೋತಾಡುತ್ತಿತ್ತು.

“ಒಂದು ಅಂಗಿ ನೆಟ್ಟಗೆ ಹೊಲಿಯೋಕೆ ಬರಲ್ವೇನೇ?”

“ಅಂಗಿ ನೆಟ್ಟಗೇ ಇದೆ ಕಣ್ರೀ. ತೊಟ್ಟೋರು ಇಲ್ಲ.”

ಆಕೆ ಹೊಲಿದದ್ದು 1986ರಲ್ಲಿ ಮಾಸ್ಟರೇ ಬರೆದಿಟ್ಟಿದ್ದ ಅಳತೆಗೆ. ಅಲ್ಲಿಂದೀಚೆಗೆ ಅವರು ತಮ್ಮ ಮೈಗೆ ಟೇಪು ಹಿಡಿದೇ ಇರಲಿಲ್ಲ. ಈಗ ಆಕೆ ಹಿಡಿದಳು: ಬಾಗಿ ಗೂನಾದ ಬೆನ್ನಿನ ಅಳತೆ ಎರಡಿಂಚು ಹೆಚ್ಚಾಗಿತ್ತು. ಎಷ್ಟೋ ಜನರ ಗೂನನ್ನು ಕೋಟಿನಲ್ಲಿ ಮರೆಸಿದ್ದ ಮಾಸ್ಟರಿಗೆ ತಮ್ಮದೇ ಕಂಡಿರಲಿಲ್ಲ.

“ಹಿಂದೆ ಎರಡಿಂಚು ಬಟ್ಟೆ ಸೇರಿಸಿ ಕೊಡ್ತೀನಿ, ಬಿಡಿ.”

“ಒಂದು ನೂಲೂ ಸೇರಿಸಬೇಡ. ಅಂಗಿಗೆ ನಾನೇ ಸರಿಹೋಗ್ತೀನಿ.”

ಈ ಹಠಕ್ಕೆ ಕಾರಣವಿತ್ತು. ಮಾಸ್ಟರು ಕೆಲಸ ಮಾಡುವ ಟೈಲರ್ ಅಂಗಡಿಯ ಯಜಮಾನಿಕೆ ಅವರ ಅಣ್ಣನದು. ಬೆನ್ನುನೋವಿನ ತಮ್ಮನನ್ನು ಫೆಬ್ರವರಿ ಒಂದರಿಂದ ಕತ್ತರಿ ಬಿಡಿಸಿ, ಮೂಲೆಯಲ್ಲಿ ಗುಂಡಿ ಹಾಕಲು ಕೂರಿಸುವುದೆಂದು ಅಣ್ಣ ತೀರ್ಮಾನಿಸಿಯಾಗಿತ್ತು.

ಮರುದಿನದಿಂದ ಬೆಳಗಿನ ಐದೂವರೆಗೆ ಹೆಂಡತಿಯೇ ಗುರು. ಪಕ್ಕದ ಮನೆಯ ನರ್ಸಮ್ಮನ ಬಳಿ ಆಕೆ ಎರಡು ವರ್ಷ ಯೋಗ ಕಲಿತಿದ್ದಳು. ಹಿಮ್ಮಡಿ, ಸೊಂಟ, ಭುಜಗಳನ್ನು ಗೋಡೆಗೆ ಆನಿಸಿ ನಿಲ್ಲಿಸಿದಳು. ಬೆನ್ನಿನ ಎರಡು ರೆಕ್ಕೆಮೂಳೆಗಳ ನಡುವೆ ಬೆರಳಿಟ್ಟು, “ಇಲ್ಲಿವರೆಗೂ ಉಸಿರು ಬರ್ತಿದೆಯಾ, ಗಮನಿಸಿ,” ಎಂದಳು. ಬೆರಳ ತುದಿಯಲ್ಲೇ ಬಟ್ಟೆಯ ಜಾತಿ ಹೇಳಬಲ್ಲ ಮನುಷ್ಯನಿಗೆ ತನ್ನ ಭುಜ ಎಲ್ಲಿದೆಯೆಂದೇ ತಿಳಿಯಲಿಲ್ಲ. ಒಂಬತ್ತನೆಯ ದಿನ ತಿಳಿಯಿತು: ಕಿವಿಯ ಹತ್ತಿರ!

ಅಂದೇ ಅವರು ಕತ್ತರಿಸುವ ಮೇಜಿನ ನಾಲ್ಕು ಕಾಲುಗಳಿಗೂ ಏಳಿಂಚಿನ ಮರದ ತುಂಡು ಕೊಟ್ಟರು.

“ಅಪ್ಪ ಜೀವಮಾನವೆಲ್ಲ ಇದೇ ಮೇಜಿನ ಮೇಲೆ ಕತ್ತರಿಸಿದ್ರು. ನಿಂದೇನೋ ದೊಡ್ಡ ಬೆನ್ನು?” ಎಂದು ಅಣ್ಣ ಗದರಿದರು.

“ಅಪ್ಪ ಐದಡಿ ಇದ್ರಣ್ಣಾ. ಅವರು ಬಗ್ಗಲೇ ಇಲ್ಲ. ಬಗ್ಗಿದ್ದು ನಾನು.”

ಸಂಜೆ ಅಣ್ಣ ತುಂಡುಗಳನ್ನು ತೆಗೆಸಿದರು. ಬೆಳಿಗ್ಗೆ ತಮ್ಮ ಮತ್ತೆ ಇಟ್ಟರು. ಹೀಗೆ ಎರಡು ಬಾರಿಯಾಯಿತು. ಮೂರನೆಯ ಬಾರಿ ಮಾಸ್ಟರು ಮೊಳೆ ಹೊಡೆದೇಬಿಟ್ಟರು.

“ಇನ್ನು ಮೇಜು ಮುರಿದೇ ತೆಗೀಬೇಕು. ಮುರೀತೀಯಾ?”

ಅಣ್ಣ ಮೇಜನ್ನು ನೋಡಿದರು, ತಮ್ಮನನ್ನು ನೋಡಿದರು. ಅಪ್ಪನ ಮೇಜು, ಮುರಿಯಲು ಕೈ ಬರಲಿಲ್ಲ. ಅರ್ಧ ಗಂಟೆಗೊಮ್ಮೆ ಸೀಮೆಸುಣ್ಣ ಕೆಳಗಿಟ್ಟು, ಗಿರಾಕಿಗಳೆದುರೇ ಗೋಡೆಗಾನಿ ಐದು ಉಸಿರು ಎಣಿಸುವ ತಮ್ಮನನ್ನು ಕಂಡು, “ಗೋಡೆ ಬೀಳಲ್ಲ ಬಾರೋ,” ಎನ್ನುವುದನ್ನು ಮಾತ್ರ ಬಿಡಲಿಲ್ಲ.

“ಅದು ಬೀಳಲ್ಲ. ನಾನೂ ಬೀಳಲ್ಲ,” ಎನ್ನುತ್ತಿದ್ದರು ಮಾಸ್ಟರು, ಕಣ್ಣು ತೆರೆಯದೆ.

ಫೆಬ್ರವರಿ ಒಂದರಂದು ಗುಂಡಿ ಹಾಕಲು ಬೇರೆಯವರು ಬಂದರು. ಜುಲೈ 20, ಸೋಮವಾರ, ಮಾಸ್ಟರು ಅದೇ ಅಂಗಿಯನ್ನು ತೊಟ್ಟರು. ಒಂದೂವರೆ ಇಂಚು ಸರಿಹೋಗಿತ್ತು. ಉಳಿದರ್ಧ ಇಂಚು ಕೊನೆಗೂ ಹೋಗಲಿಲ್ಲ, ಅಂಗಿಗೆ ಬಟ್ಟೆಯನ್ನೂ ಸೇರಿಸಲಿಲ್ಲ. ಅವರು 2017ರ ಮಾರ್ಚ್ 31ರವರೆಗೆ ಕತ್ತರಿ ಹಿಡಿದರು. ಮೇಜಿನ ಮೊಳೆಗಳನ್ನು ಇಂದಿಗೂ ಯಾರೂ ಕಿತ್ತಿಲ್ಲ.